ಅಂಟಲ್ಲ ಅನ್ನೋ ಒಂದು ಸಾಲು

ಮುತ್ಯಾಲಮ್ಮನ ಕಫ ಕೇಳಿಕೊಂಡು ಮೂರನೇ ಸಲ ಬಂದರು.

ಮಾಲೂರು ತಾಲ್ಲೂಕಿನ ಚೌಡೇನತ್ತದಲ್ಲಿ, ಭೋವಿ ಕಾಲೋನಿಗೆ ಬೆಳಗ್ಗೆ ಏಳಕ್ಕೆ ನಲ್ಲಿ ನೀರು ಬರುತ್ತೆ. ಆ ಹೊತ್ತಿಗೆ ಎಲ್ಲರೂ ಬೀದಿಯಲ್ಲೇ ಇರುತ್ತಾರೆ. ಆಶಾ ಕಾರ್ಯಕರ್ತೆ ಸುನಂದ ಸರಿಯಾಗಿ ಅದೇ ಹೊತ್ತಿಗೆ ಬಂದು, ಮುಚ್ಚಳದ ಡಬ್ಬಿಯನ್ನು ಜಗಲಿಯ ಮೇಲಿಟ್ಟು, ನಾಲ್ಕು ಮಾರು ಹಿಂದೆ ಸರಿದು ನಿಂತಳು. ಕೊಡ ಹಿಡಿದಿದ್ದ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮುತ್ಯಾಲಮ್ಮ ಗೋಡೆಗೆ ಕೈಯೂರಿ ಕೆಮ್ಮಿದಳು. ಕೆಮ್ಮೋದಕ್ಕೂ ಉಸಿರು ಬೇಕು. ಅದು ಎಳೆದಷ್ಟೂ ಗಂಟಲಲ್ಲೇ ನಿಲ್ಲುತ್ತಿತ್ತು. ಹತ್ತು ಹನ್ನೆರಡು ಸಲ ಕೆಮ್ಮಿದ ಮೇಲೆ ಡಬ್ಬಿಯ ತಳ ಮುಚ್ಚುವಷ್ಟು ಬಂತು. ಮುಚ್ಚಳ ತಿರುಗಿಸಿ ಇಟ್ಟಳು. ಸುನಂದ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿಕೊಂಡಳು.

"ಬೇಜಾರು ಮಾಡ್ಕೋಬೇಡ ಅಕ್ಕ. ಮೇಲಿಂದ ಆರ್ಡರು."

"ನಂಗೇನ್ ಬೇಜಾರು, ತಗೊಂಡೋಗು."

ನಿಜವಾಗಿಯೂ ಬೇಜಾರಿರಲಿಲ್ಲ. ಅಂಥದ್ದೆಲ್ಲ ಆಗೋದು ಅವಳಿಗೆ ನಿಂತುಹೋಗಿ ವರ್ಷಗಳಾಗಿದ್ದವು.

ನಾಲ್ಕು ದಿನಕ್ಕೆ ಸುನಂದ ನಗುತ್ತಾ ಬಂದಳು. ಈ ಸಲ ಜಗಲಿ ಹತ್ತಿ ಪಕ್ಕದಲ್ಲೇ ಕೂತಳು.

"ನೆಗೆಟಿವ್ ಅಕ್ಕ. ಮೂರಕ್ಕೆ ಮೂರೂ ನೆಗೆಟಿವ್. ನಿಂಗೆ ಏನೂ ಇಲ್ಲ."

"ಏನೂ ಇಲ್ದೆ ದಮ್ಮು ಯಾಕೆ ಕಟ್ಟುತ್ತೆ?"

"ನಿಶ್ಶಕ್ತಿ ಇರ್ಬೇಕು. ಮೊಟ್ಟೆ ತಿನ್ನು."

ಸುನಂದಳ ನಗುವಿಗೆ ಕಾರಣವಿತ್ತು. ಆ ವರ್ಷ ಪಂಚಾಯಿತಿಯನ್ನು ಕ್ಷಯಮುಕ್ತ ಅಂತ ಸಾರಬೇಕೆಂದು ತೀರ್ಮಾನವಾಗಿತ್ತು. ಹೊಸದಾಗಿ ಯಾರಿಗೂ ಕ್ಷಯ ಇರಬಾರದು, ಹಳಬರು ಗುಣವಾಗಿರಬೇಕು. ಹಳಬರ ಪಟ್ಟಿಯಲ್ಲಿ ಮುತ್ಯಾಲಮ್ಮ ಇದ್ದಳು. ಎರಡು ವರ್ಷದ ಹಿಂದೆ ಕೆಮ್ಮು ಶುರುವಾದಾಗ ಊರ ಆಸ್ಪತ್ರೆಯ ಡಾಕ್ಟರು ಗಂಗಾಧರ್, ಕಫದಲ್ಲಿ ಏನೂ ಸಿಗದಿದ್ದರೂ, ಗಂಡನಿಂದ ಬಂದಿರುತ್ತೆ ಅಂತ ಆರು ತಿಂಗಳ ಮಾತ್ರೆ ಬರೆದಿದ್ದರು. ಅವಳು ಒಂದು ದಿನ ಬಿಡದೆ ನುಂಗಿದ್ದಳು. ಮೂತ್ರ ಕೆಂಪಗೆ ಹೋಯಿತು, ಕಾಲು ಜೋಮು ಹಿಡಿಯಿತು. ಕೆಮ್ಮು ಹೋಗಲಿಲ್ಲ. ಪುಸ್ತಕದಲ್ಲಿ ಮಾತ್ರ ಗುಣ ಅಂತ ಬರೆದರು.

ಅವಳ ಗಂಡನ ಹೆಸರು ಆಂಜಿ. ಊರ ಹಿಂದಿನ ಗುಂಡುಬೆಟ್ಟದಲ್ಲಿ ಬಂಡೆಗೆ ಕುಳಿ ಹೊಡೆಯುವ ಕೆಲಸ. ಮೊದಲು ಸುತ್ತಿಗೆ ಉಳಿಯಲ್ಲಿ ಹೊಡೆಯುತ್ತಿದ್ದ, ಆಮೇಲೆ ಮಿಷಿನ್ನು ಬಂತು. ಮಿಷಿನ್ನು ಬಂದ ಮೇಲೆ ಕೆಲಸ ಬೇಗ ಆಯಿತು, ಧೂಳೂ ಬೇಗ ಎದ್ದಿತು. ಸಂಜೆ ಮನೆಗೆ ಬರುವಾಗ ಅವನ ರೆಪ್ಪೆ, ಮೂಗಿನ ಕೂದಲು, ಕಿವಿಯ ಸಂದು ಎಲ್ಲ ಬೆಳ್ಳಗಿರುತ್ತಿತ್ತು. ಮಗಳು ಮೇಘನ ಅವನನ್ನು ನೋಡಿ ತಾತ ಅಂತ ರೇಗಿಸುತ್ತಿದ್ದಳು. ಮುತ್ಯಾಲಮ್ಮ ಅದೇ ಬೆಟ್ಟದ ಬುಡದ ಕ್ರಷರ್‌ನಲ್ಲಿ ಕಲ್ಲು ಎತ್ತಿ ಮಿಷಿನ್ನಿನ ಬಾಯಿಗೆ ಹಾಕುತ್ತಿದ್ದಳು. ಧೂಳು ಏಳದ ಹಾಗೆ ನೀರು ಹೊಡೆಯಬೇಕೆಂದು ಅಲ್ಲಿ ಪೈಪು ಹಾಕಿದ್ದರು. ಸಾಹೇಬರುಗಳು ನೋಡೋಕೆ ಬರೋ ದಿನ ಮಾತ್ರ ನೀರು ಬಿಡುತ್ತಿದ್ದರು. ಆ ದಿನ ಎದುರಿಗೆ ನಿಂತವರ ಮುಖ ಕಾಣುತ್ತಿತ್ತು.

ಆಂಜಿಗೆ ಮೂವತ್ತೈದಕ್ಕೆ ದಮ್ಮು ಹಿಡಿಯಿತು. ಗಂಗಾಧರ್ ಟೀಬಿ ಅಂದರು. ಆರು ತಿಂಗಳು ಮಾತ್ರೆ. ಹೋಗಲಿಲ್ಲ. ಮತ್ತೆ ಎಂಟು ತಿಂಗಳು ಮಾತ್ರೆ, ಸೂಜಿ. ಹೋಗಲಿಲ್ಲ. ಮೂರನೇ ಸಲ ಹೋದಾಗ ಡಾಕ್ಟರು ಚೀಟಿ ಎಸೆದರು.

"ಕುಡೀತೀಯ, ಮಾತ್ರೆ ಚರಂಡಿಗೆ ಹಾಕ್ತೀಯ. ನಿಮ್ಮ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ."

"ಕುಡಿಯೋದು ಬಿಟ್ಟು ಮೂರು ವರ್ಷ ಆಯ್ತು ಸಾರ್" ಅಂದ ಆಂಜಿ.

"ಸುಳ್ಳು ಬೇರೆ."

ಪ್ರತಿಯೊಂದು ಮಾತ್ರೆಯನ್ನೂ ಆಂಜಿ ಮುತ್ಯಾಲಮ್ಮನ ಎದುರಿಗೇ ನುಂಗಿದ್ದ. ನುಂಗಿ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದ, ಮಗುವಿನ ಹಾಗೆ. ಅದನ್ನು ಅವಳು ಹೇಳಲಿಲ್ಲ. ಅಷ್ಟು ಓದಿದವರು ಹೇಳುವಾಗ ತನ್ನ ಕಣ್ಣೇ ತಪ್ಪು ನೋಡಿರಬಹುದು ಅನ್ನಿಸಿತು.

ಆಮೇಲೆ ಡಾಕ್ಟರು ಅವಳ ಕಡೆ ತಿರುಗಿದರು. "ಅಂಟು ರೋಗ ಕಣಮ್ಮ. ಮಗು ಇದೆಯಲ್ಲ ಮನೇಲಿ. ತಟ್ಟೆ ಲೋಟ ಬೇರೆ ಇಡು. ಹೊರಗೆ ಮಲಗಿಸು. ಮಗೂನ ಹತ್ರ ಬಿಡ್ಬೇಡ. ಸತ್ರೆ ನಿನ್ನ ತಲೆ ಮೇಲೆ ಬರುತ್ತೆ."

ಅವಳು ಹಾಗೇ ಮಾಡಿದಳು. ಮನೆಯ ಹಿಂದೆ ನಾಲ್ಕು ಶೀಟು ಹಾಕಿ, ಗೋಣಿತಾಟು ಕಟ್ಟಿ, ಅಲ್ಲಿ ಅವನಿಗೆ ಮಂಚ ಹಾಕಿದಳು. ಕೈಗೆ ಕೊಡುತ್ತಿರಲಿಲ್ಲ. ಮುದ್ದೆ ಸಾರು ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಊರೊಳಗಿನ ಹೋಟಲಿನಲ್ಲಿ ತಮ್ಮ ಅಪ್ಪಂದಿರಿಗೆ ಬೇರೆ ಲೋಟ ಇಟ್ಟಿದ್ದ ಕಥೆಯನ್ನು ಆಂಜಿಯೇ ಹೇಳಿದ್ದ. ಈಗ ಅವನ ಲೋಟ ಅವನ ಮನೆಯ ಹಿಂದೆಯೇ ಬೇರೆಯಾಗಿತ್ತು. ಅವನು ಒಂದು ಮಾತೂ ಆಡಲಿಲ್ಲ. ಒಂದೊಂದು ಸಂಜೆ ಮಾತ್ರ, "ಪಾಪನ್ನ ಒಂದ್ಸಲ ಕಳಿಸೇ, ದೂರದಿಂದ ನೋಡ್ತೀನಿ" ಅನ್ನುತ್ತಿದ್ದ. ಅವಳು ಕಳಿಸಲಿಲ್ಲ. ಮೇಘನ ಹಿತ್ತಿಲ ಬಾಗಿಲ ಕಡೆ ಹೋದರೆ ಬೆನ್ನಿಗೆ ಎರಡು ಹಾಕುತ್ತಿದ್ದಳು.

ಹೀಗೆ ಒಂದೂವರೆ ವರ್ಷ. ಒಂದು ಮಧ್ಯಾಹ್ನ ಅವಳು ಕ್ರಷರ್‌ನಲ್ಲಿದ್ದಾಗ ಆಂಜಿ ಸತ್ತ. ಒಬ್ಬನೇ ಇದ್ದ ಅಂದರು. ಮೈ ಮುಟ್ಟೋಕೆ ಯಾರೂ ಮುಂದೆ ಬರಲಿಲ್ಲ. ಮುತ್ಯಾಲಮ್ಮನೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ತೊಳೆದಳು. ಮೇಘನಳಿಗೆ ಆಗ ಹತ್ತು ವರ್ಷ. ಅದಾಗಿ ಆರು ವರ್ಷ ಕಳೆದಿತ್ತು.

ಕಫ ನೆಗೆಟಿವ್ ಬಂದ ಮುಂದಿನ ವಾರ ಎಕ್ಸ್‌ರೇ ವ್ಯಾನು ಬಂತು. ಶಾಲೆಯ ಮುಂದೆ ನಿಲ್ಲಿಸಿ ಕಾಲೋನಿಯವರನ್ನೆಲ್ಲ ಸಾಲು ನಿಲ್ಲಿಸಿದರು. ವ್ಯಾನಿನಲ್ಲಿದ್ದ ಡಾಕ್ಟರು ಮೌನಿಕಾ ಅಂತ, ಇಪ್ಪತ್ತೈದು ದಾಟಿರದ ಹುಡುಗಿ. ಮುತ್ಯಾಲಮ್ಮನ ಸರದಿ ಮುಗಿದ ಮೇಲೆ ಹೊರಗೆ ಕಳಿಸಲಿಲ್ಲ. ಪರದೆಯ ಮೇಲಿನ ಚಿತ್ರ ನೋಡುತ್ತಾ ಕೂತಳು. ಎದೆಗೂಡಿನ ತುಂಬ ಬೆಳ್ಳನೆಯ ಚುಕ್ಕೆ, ಕಣದಲ್ಲಿ ರಾಗಿ ಚೆಲ್ಲಿದ ಹಾಗೆ.

"ಏನು ಕೆಲಸ ಮಾಡ್ತೀರಮ್ಮ?"

ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ ಈ ಮಾತು ಕೇಳಿರಲಿಲ್ಲ.

"ಕ್ರಷರು. ಹದಿನೆಂಟು ವರ್ಷ ಆಯ್ತು."

"ಇದು ಟೀಬಿ ಅಲ್ಲಮ್ಮ. ಕಲ್ಲಿನ ಧೂಳು. ಶ್ವಾಸಕೋಶದಲ್ಲಿ ಕೂತ್ಬಿಟ್ಟಿದೆ. ಸಿಲಿಕೋಸಿಸ್ ಅಂತಾರೆ. ಮೊದಲಿಂದಾನೂ ಟೀಬಿ ಇರ್ಲಿಲ್ಲ ಅನ್ಸುತ್ತೆ."

"ನನ್ ಗಂಡಂಗೂ ಇಂಗೇ ಆಗಿತ್ತು. ಬಂಡೇಲಿ ಕುಳಿ ಹೊಡೀತಿದ್ದ. ಟೀಬಿ ಅಂದ್ರು."

"ಕಫದಲ್ಲಿ ಕ್ರಿಮಿ ಸಿಕ್ಕಿತ್ತಾ?"

"ಒಂದ್ಸಲಾನೂ ಇಲ್ಲ. ಆದ್ರೂ ನುಂಗು ಅಂದ್ರು."

"ಅವರ ಫಿಲಂ ಇದ್ಯಾ?"

ಇತ್ತು. ಅಕ್ಕಿ ಚೀಲದಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿಟ್ಟಿದ್ದಳು. ಮುತ್ಯಾಲಮ್ಮ ಓಡುವಂತಿರಲಿಲ್ಲ. ಮೂರು ಕಡೆ ಕೂತು, ಉಸಿರು ತಗೊಂಡು, ಹೋಗಿ ತಂದಳು. ಮೌನಿಕಾ ವ್ಯಾನಿನ ಬಾಗಿಲಲ್ಲಿ ನಿಂತು ನಾಲ್ಕು ಫಿಲಂಗಳನ್ನೂ ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲದರಲ್ಲೂ ಅದೇ ರಾಗಿ. ಕೊನೆಯದರಲ್ಲಿ ರಾಗಿ ಸೇರಿಕೊಂಡು ಉಂಡೆಯಾಗಿತ್ತು.

"ಅದೇ ಇದೂ" ಅಂದಳು. "ಇವರಿಗೂ ಧೂಳೇ."

ಮುತ್ಯಾಲಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತಳು.

"ಇದು ಅಂಟುತ್ತಾ?"

"ಇಲ್ಲ."

"ತಟ್ಟೆಯಿಂದ?"

"ಇಲ್ಲಮ್ಮ. ಧೂಳು ಹೇಗೆ ಅಂಟುತ್ತೆ."

"ಪಕ್ಕದಲ್ಲಿ ಮಲಗಿದ್ರೆ?"

"ಇಲ್ಲ."

"ಮಗು ತೊಡೆ ಮೇಲೆ ಕೂತ್ರೆ?"

ಮೌನಿಕಾ ಫಿಲಂ ಕೆಳಗಿಳಿಸಿ ಅವಳ ಮುಖ ನೋಡಿದಳು. "ಇಲ್ಲ" ಅಂದಳು ಮೆಲ್ಲಗೆ.

ಮುತ್ಯಾಲಮ್ಮ ಅಳಲಿಲ್ಲ. ಫಿಲಂಗಳನ್ನು ವಾಪಸು ಇಸಿದುಕೊಂಡು ಅಕ್ಕಿ ಚೀಲದಲ್ಲಿ ಸುತ್ತಿದಳು.

"ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ತಾಯಿ. ಅವಂದು ಅಂಟೋ ಕಾಯ್ಲೆ ಆಗಿರ್ಲಿಲ್ಲ ಅಂತ."

"ರಿಪೋರ್ಟಲ್ಲಿ ಬರೀತೀನಿ" ಅಂದಳು ಮೌನಿಕಾ.

ರಿಪೋರ್ಟು ಹತ್ತು ದಿನಕ್ಕೆ ಬಂತು. ಮೇಘನ ಓದಿದಳು. ಅವಳೀಗ ಮಾಲೂರಿನಲ್ಲಿ ಮೊದಲ ಪೀಯೂಸಿ. ಮುತ್ಯಾಲಮ್ಮನ ಹೆಸರಿನ ಮುಂದೆ, ಹಳೆಯ ಕ್ಷಯದ ಗುರುತು, ಪೂರ್ತಿ ಗುಣವಾಗಿದೆ, ಅಂತಿತ್ತು. ಧೂಳಿನ ಮಾತಿಲ್ಲ. ಆಂಜಿಯ ಮಾತಂತೂ ಇಲ್ಲವೇ ಇಲ್ಲ.

ವ್ಯಾನು ಶ್ರೀನಿವಾಸಪುರದ ಕಡೆ ಹೋಗಿದೆ ಅಂತ ತಿಳಿದು ಮುತ್ಯಾಲಮ್ಮ ಕೋಲಾರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ, ಕೇಳಿಕೊಂಡು ಕೇಳಿಕೊಂಡು ಒಂದು ಮಾವಿನ ಮಂಡಿಯ ಮುಂದೆ ಅದನ್ನು ಹಿಡಿದಳು. ಮೌನಿಕಾ ಅವಳನ್ನು ಗುರುತು ಹಿಡಿದಳು. ಕೂರಿಸಿ ನೀರು ಕೊಟ್ಟಳು.

"ನಾನು ಬರೆದಿದ್ದೆ ಅಮ್ಮ. ಮೇಲೆ ಹೋಗಿ ಬದಲಾಯ್ತು. ಧೂಳಿನ ಕಾಯಿಲೆ ಅಂತ ಹೇಳೋಕೆ ಬೇರೆ ಡಾಕ್ಟರುಗಳ ಬೋರ್ಡಿದೆಯಂತೆ, ನಾನು ಹೇಳೋ ಹಾಗಿಲ್ಲವಂತೆ."

"ಈಗ ಕೈಯಲ್ಲಿ ಬರೆದುಕೊಡಿ."

ಮೌನಿಕಾ ಪೆನ್ನು ತೆಗೆದಳು. ತೆಗೆದು ಹಿಡಿದುಕೊಂಡೇ ಕೂತಳು. "ನಾನು ಕಾಂಟ್ರಾಕ್ಟ್ ಮೇಲಿರೋಳು" ಅಂದಳು. ಆಮೇಲೆ ಪೆನ್ನು ಜೇಬಿಗೆ ಹಾಕಿಕೊಂಡಳು. ಮುತ್ಯಾಲಮ್ಮ ಲೋಟ ಕೆಳಗಿಟ್ಟು ಎದ್ದು ಬಂದಳು. ಅವಳ ಮೇಲೂ ಸಿಟ್ಟು ಬರಲಿಲ್ಲ. ಇವಳಾದರೂ ಬಾಯಲ್ಲಿ ನಿಜ ಹೇಳಿದ್ದಳು.

ಗಂಗಾಧರ್ ಹತ್ತಿರ ಹೋದಳು. ಅವರು ಊರ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಇದ್ದವರು. ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದರು.

"ಆ ಹುಡುಗಿ ನಿನ್ನ ತಲೆ ಕೆಡಿಸಿದ್ದಾಳೆ. ನಿಂಗೆ ಪರಿಹಾರ ಬೇಕು, ಅದಕ್ಕೆ ತಾನೆ ಕಾಗದ?"

"ಪರಿಹಾರ ಬೇಡ ಸಾರ್."

"ಮತ್ತೆ ಯಾಕೆ?"

"ನನ್ ಮಗಳಿಗೆ ತೋರಿಸ್ಬೇಕು."

ಅದು ಡಾಕ್ಟರಿಗೆ ಅರ್ಥವಾಗಲಿಲ್ಲ. "ಮಗಳಿಗೆ ಏನು ತೋರಿಸ್ತೀಯ? ನೋಡಮ್ಮ, ನಾನು ಅವತ್ತು ಹೇಳಿದ್ದು ನಿಮ್ಮ ಒಳ್ಳೇದಕ್ಕೆ. ಹುಷಾರಾಗಿರಲಿ ಅಂತ."

"ಅಂಟಲ್ಲ ಅಂತ ಒಂದು ಸಾಲು ಬರೀರಿ ಸಾರ್. ಸಾಕು. ಕ್ರಷರಿನ ಹೆಸರೂ ಬೇಡ."

"ಅದನ್ನ ಬರೆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರೆದ ಹಾಗೆ" ಅಂದುಬಿಟ್ಟರು ಗಂಗಾಧರ್. ಅಂದ ಮೇಲೆ ಅವರಿಗೇ ಅದು ಜಾಸ್ತಿಯಾಯಿತು ಅನ್ನಿಸಿರಬೇಕು. ಮುಂದಿನವರನ್ನು ಕರೆದರು.

ಆ ಮಾತು ಹೇಗೋ ಶಿವಕುಮಾರನಿಗೆ ಮುಟ್ಟಿತು. ಪಂಚಾಯಿತಿಗೆ ಅಧ್ಯಕ್ಷೆ ಅವನ ಹೆಂಡತಿ ಪವಿತ್ರ, ಅಧಿಕಾರ ಅವನದು. ಗುಂಡುಬೆಟ್ಟದ ಕ್ರಷರೂ ಅವನದೇ. ಬಿಳಿ ಕಾರನ್ನು ಕಾಲೋನಿಯ ಬಾಯಲ್ಲಿ ನಿಲ್ಲಿಸಿ ನಡೆದುಕೊಂಡು ಬಂದ. ಮುತ್ಯಾಲಮ್ಮನ ಜಗಲಿಯ ಮೇಲೆ ಅವನಂಥವರು ಕೂತಿದ್ದು ಅದೇ ಮೊದಲು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

"ಹದಿನೆಂಟು ವರ್ಷ ನಮ್ಮ ಹತ್ರ ದುಡಿದಿದ್ದೀಯ. ನಿನ್ನ ಕೈ ಬಿಡ್ತೀನಾ? ನಾಳೆಯಿಂದ ಧೂಳಲ್ಲಿ ಬೇಡ. ಪಂಚಾಯಿತಿ ಆಫೀಸಲ್ಲಿ ಕಸ ಗುಡಿಸ್ಕೊಂಡಿರು. ಮನೆ ಪಟ್ಟೀಲಿ ನಿನ್ನ ಹೆಸರು ಹಾಕಿಸ್ತೀನಿ. ಮಗಳಿಗೆ ಹಾಸ್ಟೆಲ್ಲು ಬೇಕಾ, ಹೇಳು."

"ನಂಗೆ ಒಂದು ಸಾಲು ಬರೆಸಿಕೊಡಣ್ಣ."

"ಯಾವ ಸಾಲು?"

"ಅಂಟಲ್ಲ ಅಂತ."

ಶಿವಕುಮಾರ ತಲೆ ಕೆರೆದುಕೊಂಡ. "ಬೇರೆ ಏನಾದ್ರೂ ಕೇಳು."

"ಬೇರೇದು ಏನೂ ಬೇಡ."

"ನಾನು ಮನೆ ಕೊಡ್ತೀನಿ ಅಂತಿದ್ದೀನಿ. ನೀನು ಒಂದು ಸಾಲು ಸಾಲು ಅಂತೀಯ. ಸತ್ತೋನು ಎದ್ದು ಬರ್ತಾನಾ ಅದರಿಂದ?"

"ಬರಲ್ಲ."

"ಮತ್ತೆ?"

ಶಿವಕುಮಾರ ಎದ್ದು ಪ್ಯಾಂಟಿನ ಹಿಂದೆ ಧೂಳು ಕೊಡವಿಕೊಂಡು ಹೋದ.

ಹೋಗುವ ಮುಂಚೆ ಒಂದು ಮಾತು ಹೇಳಿದ್ದ. ಕ್ಷಯಮುಕ್ತ ಪಂಚಾಯಿತಿಯ ಸಮಾರಂಭಕ್ಕೆ ಅವಳು ಬರಬೇಕು, ಕ್ಷಯ ಗೆದ್ದವಳು ಅಂತ ವೇದಿಕೆಯ ಮೇಲೆ ಸನ್ಮಾನ. ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಎರಡು ದಿನ ಬಿಟ್ಟು ಸುನಂದ ಒಂದು ಕಾಗದ ಹಿಡಿದುಕೊಂಡು ಬಂದಳು. ಕಣ್ಣು ಊದಿಕೊಂಡಿತ್ತು.

"ಅಕ್ಕ, ನೀನು ಬರದಿದ್ರೆ ನನ್ನನ್ನ ತೆಗೀತಾರಂತೆ. ನಾಲ್ಕೇ ಸಾಲು. ಬಾಯಿಪಾಠ ಮಾಡಿ ಹೇಳ್ಬಿಡು. ನಿನ್ನ ಕಾಲು ಹಿಡ್ಕೋತೀನಿ."

"ಕಾಲು ಯಾಕೆ ಹಿಡೀತೀಯ. ಬರ್ತೀನಿ ಬಿಡು."

ಕಾಗದ ಓದಿಕೊಟ್ಟಿದ್ದು ಮೇಘನ. ತಾಯಿಯ ಮುಖ ನೋಡದೆ ಓದಿದಳು. "ನನ್ನ ಹೆಸರು ಮುತ್ಯಾಲಮ್ಮ. ನನ್ನ ಗಂಡ ದುಶ್ಚಟದಿಂದ ಮಾತ್ರೆಗಳನ್ನು ಸರಿಯಾಗಿ ಸೇವಿಸದೆ ಕ್ಷಯದಿಂದ ತೀರಿಕೊಂಡರು. ನಾನು ವೈದ್ಯರು ಹೇಳಿದಂತೆ ಮಾತ್ರೆ ಸೇವಿಸಿ ಸಂಪೂರ್ಣ ಗುಣವಾಗಿದ್ದೇನೆ. ನಮ್ಮ ಅಧ್ಯಕ್ಷರಿಗೂ ವೈದ್ಯರಿಗೂ ಧನ್ಯವಾದಗಳು."

ಓದಿ ಮುಗಿಸಿ ಮೇಘನ ಕಾಗದ ಮಡಚಿ ಗೂಡಿನಲ್ಲಿಟ್ಟಳು.

ಸಮಾರಂಭ ಶಾಲೆಯ ಮೈದಾನದಲ್ಲಿ. ಹತ್ತಕ್ಕೆ ಅಂದಿದ್ದು ಒಂದಾದರೂ ಶುರುವಾಗಲಿಲ್ಲ. ಜಿಲ್ಲಾ ಲೀಡರು ಕೋದಂಡರಾಮಪ್ಪ ಬರಬೇಕಿತ್ತು, ಮುಂದಿನ ಎಲೆಕ್ಷನ್ನಿಗೆ ಟಿಕೆಟ್ಟು ಅವರಿಗೇ ಅಂತ ಮಾತಿತ್ತು. ವೇದಿಕೆಯ ಮೇಲೆ ಮೆತ್ತನೆಯ ಕುರ್ಚಿಗಳ ಸಾಲು. ಸಾಲಿನ ಕೊನೆಯಲ್ಲಿ, ಎರಡು ಮೊಳ ಜಾಗ ಬಿಟ್ಟು, ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಮುತ್ಯಾಲಮ್ಮನನ್ನು ಕೂರಿಸಿ ಒಂದು ಮಾಸ್ಕ್ ಕೊಟ್ಟರು.

"ಗುಣ ಆಗಿದೆ ಅಂದ್ರಲ್ಲ" ಅಂದಳು ಅವಳು.

"ಹಾಕ್ಕೊಳಮ್ಮ, ದೊಡ್ಡೋರು ಬರ್ತಾರೆ" ಅಂದ ಮಾಸ್ಕ್ ಕೊಟ್ಟವನು. ವೇದಿಕೆಯ ಮೇಲೆ ಬೇರೆ ಯಾರಿಗೂ ಮಾಸ್ಕ್ ಇರಲಿಲ್ಲ. ಅವಳು ಹಾಕಿಕೊಂಡಳು. ಅದರೊಳಗೆ ಉಸಿರು ಇನ್ನೂ ಗಿಡ್ಡವಾಯಿತು.

ಲೀಡರು ಬಂದರು. ಗಂಗಾಧರ್ ಅಂಕಿಗಳನ್ನು ಓದಿದರು. ಆಮೇಲೆ ಒಬ್ಬ ಸ್ವಾಮಿಗಳು ಆಶೀರ್ವಚನ ಕೊಟ್ಟರು. ರೋಗ ಹುಟ್ಟೋದು ಮೈಯಲ್ಲಲ್ಲ, ನಡತೆಯಲ್ಲಿ ಅಂದರು. ಹೆಂಡ ಮಾಂಸ ಬಿಟ್ಟು ಶುಚಿಯಾಗಿದ್ದರೆ ಈ ಕಾಲೋನಿಗಳಲ್ಲಿ ರೋಗವೇ ಇರೋದಿಲ್ಲ ಅಂದರು. ಅವರ ಹಿಂದೆ, ಶಾಲೆಯ ಹೆಂಚಿನ ಆಚೆ, ಗುಂಡುಬೆಟ್ಟ ಅರ್ಧ ಕಡಿದ ಹಾಗೆ ನಿಂತಿತ್ತು. ಅವತ್ತು ಕ್ರಷರಿಗೆ ರಜ ಕೊಟ್ಟಿದ್ದರು. ಆಕಾಶ ತಿಳಿಯಾಗಿತ್ತು.

ಮುತ್ಯಾಲಮ್ಮನ ಹೆಸರು ಕರೆದರು. ಲೀಡರು ಶಾಲು ಹೊದಿಸಿದರು, ಫೋಟೋದವರು ತೆಗೆದುಕೊಂಡರು. ಮೈಕು ಅವಳ ಮುಂದೆ ಸರಿಸಿದರು. ಸುನಂದ ವೇದಿಕೆಯ ಕೆಳಗೆ ನಿಂತು ಕೈ ಜೋಡಿಸಿದ್ದಳು. ಮುತ್ಯಾಲಮ್ಮ ಮಾಸ್ಕ್ ತೆಗೆದಳು.

"ನನ್ ಹೆಸರು ಮುತ್ಯಾಲಮ್ಮ" ಅಂದಳು. ಅಲ್ಲಿಗೆ ಕಾಗದದ್ದು ಮುಗಿಯಿತು. "ನನ್ ಗಂಡ ಆಂಜಿ. ಅವನು ಒಂದು ಮಾತ್ರೇನೂ ಬಿಡ್ಲಿಲ್ಲ. ನಾನು ನೋಡಿದ್ದೀನಿ. ಅವಂದು ಟೀಬಿ ಅಲ್ಲ. ಕ್ರಷರು, ಬಂಡೆ, ಆ ಧೂಳು. ನಂದೂ ಅದೇ. ಗುಣ ಆಗಿಲ್ಲ. ಆಗೋದೂ ಇಲ್ಲ."

ಉಸಿರಿಗೆ ನಿಲ್ಲಿಸಿದಳು.

"ಅದು ಅಂಟಲ್ಲ. ಅಂಟುತ್ತೆ ಅಂತ ಈ ಡಾಕ್ಟ್ರು ಹೇಳಿದ್ರು. ನಾನು ನಂಬಿದೆ. ಒಂದೂವರೆ ವರ್ಷ ಅವನನ್ನ ಹಿತ್ತಿಲಲ್ಲಿ ಮಲಗಿಸ್ದೆ. ಮಗೂನ ಬಿಡ್ಲಿಲ್ಲ. ನಾಯಿಗೆ ಇಟ್ಟಂಗೆ ಇಟ್ಟೆ ಅನ್ನ..."

ಮೈಕು ಕಟ್ಟಾಯಿತು. ಶಿವಕುಮಾರ ಯಾರಿಗೋ ಕಣ್ಣು ಮಾಡಿದ್ದ. ಮುತ್ಯಾಲಮ್ಮ ನಿಲ್ಲಿಸಲಿಲ್ಲ, ಆದರೆ ಅವಳ ಎದೆಯಲ್ಲಿ ಇದ್ದ ಗಾಳಿಗೆ ಆ ದನಿ ಮೂರು ಸಾಲಿನ ಆಚೆ ಮುಟ್ಟಲಿಲ್ಲ. ಅವಳು ಗಂಗಾಧರ್ ಕಡೆ ತಿರುಗಿದಳು.

"ಈಗ ಇಲ್ಲೇ ಹೇಳಿ ಸಾರ್. ಅಂಟುತ್ತಾ, ಅಂಟಲ್ವಾ?"

ಡಾಕ್ಟರು ಲೀಡರ ಮುಖ ನೋಡಿದರು. ಲೀಡರು ಶಿವಕುಮಾರನ ಮುಖ ನೋಡಿದರು. "ಮಾತ್ರೆ ಪವರಿಗೆ ಕೆಲವರಿಗೆ ಹೀಗೆ ಆಗುತ್ತೆ ಸಾರ್, ತಲೆ ಸ್ವಲ್ಪ..." ಅಂದರು ಗಂಗಾಧರ್.

"ಒಂದೇ ಮಾತು ಸಾರ್."

ಅವರು ಹೇಳಲಿಲ್ಲ. ಸ್ವಾಮಿಗಳು ಕಣ್ಣು ಮುಚ್ಚಿಕೊಂಡಿದ್ದರು. ಮುತ್ಯಾಲಮ್ಮ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಲೀಡರ ಮುಂದಿನ ಮೇಜಿನ ಮೇಲಿಟ್ಟಳು. ಹಣ್ಣಿನ ಬುಟ್ಟಿಯನ್ನು ಅದರ ಮೇಲಿಟ್ಟಳು. ಮಾಸ್ಕನ್ನು ಬುಟ್ಟಿಯ ಮೇಲಿಟ್ಟಳು. ಮೆಟ್ಟಿಲು ಇಳಿಯುವಾಗ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮೈಕು ಕಟ್ಟಾದ ಮೇಲಿನದು ಅವರಿಗೆ ಏನೂ ಕೇಳಿಸಿರಲಿಲ್ಲ, ಭಾಷಣ ಮುಗಿಯಿತು ಅಂದುಕೊಂಡಿದ್ದರು.

ಮಾರನೆ ದಿನ ಪೇಪರಿನಲ್ಲಿ ಬಂತು. ಲೀಡರು ಅವಳಿಗೆ ಶಾಲು ಹೊದಿಸುತ್ತಿರುವ ಫೋಟೋ. ಕ್ಷಯ ಗೆದ್ದ ಕಲ್ಲುಕುಟಿಗ ಮಹಿಳೆಗೆ ಸನ್ಮಾನ ಅಂತ ಕೆಳಗೆ ಬರೆದಿತ್ತು. ಚೌಡೇನತ್ತ ಕ್ಷಯಮುಕ್ತವಾಯಿತು. ಕ್ರಷರಿನಲ್ಲಿ ಮುತ್ಯಾಲಮ್ಮನಿಗೆ ಬರಬೇಡ ಅಂದರು. ಸುನಂದಳಿಗೆ ನೋಟೀಸು ಬಂತು. ಅವಳು ಕಾಲೋನಿಗೆ ಬಂದು ಮುತ್ಯಾಲಮ್ಮನ ಮನೆ ಮುಂದೆ ನಿಂತು, ಬೈಯುತ್ತಾಳೆ ಅಂದುಕೊಂಡರೆ ಬೈಯದೆ, ಸುಮ್ಮನೆ ಹೋದಳು. ಕಾಲೋನಿಯ ಹೆಂಗಸರು ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ, ಮೂರು ಮನೆ ಆಚೆಯ ಮುನಿಶಾಮಮ್ಮ ನೀರಿನ ಸಾಲಿನಲ್ಲಿ ಹತ್ತಿರ ಬಂದು ನಿಂತಳು. ಅವಳ ಗಂಡನೂ ಬಂಡೆಯವನು, ಅವನನ್ನೂ ಹಿತ್ತಿಲಿಗೆ ಹಾಕಿದ್ದರು.

"ಆ ಕಾಯ್ಲೆ ಹೆಸರು ಏನಂದ್ಲು ಆ ವ್ಯಾನಿನ ಡಾಕ್ಟ್ರಮ್ಮ?"

"ಸಿಲಿಕೋಸಿಸ್."

ಮುನಿಶಾಮಮ್ಮ ಬಾಯೊಳಗೇ ಎರಡು ಸಲ ಹೇಳಿಕೊಂಡು, ಕೊಡ ಎತ್ತಿಕೊಂಡು ಹೋದಳು.

ಆ ಭಾನುವಾರ ಮಧ್ಯಾಹ್ನ ತಾಯಿ ಮಗಳು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮೇಘನ ಸಮಾರಂಭದ ದಿನ ಕಾಲೇಜಿಗೆ ಹೋಗಿದ್ದಳು. ಆದರೂ ನಡೆದಿದ್ದೆಲ್ಲ ಗೊತ್ತಿತ್ತು. ಯಾರದೋ ಫೋನಿನಲ್ಲಿ ನೋಡಿದ್ದಳು.

"ಕಾಗದ ಸಿಗ್ಲಿಲ್ಲ ಮೇಘ" ಅಂದಳು ಮುತ್ಯಾಲಮ್ಮ. "ನಿಂಗೆ ತೋರಿಸ್ಬೇಕು ಅಂತಿದ್ದೆ. ನಿಮ್ಮಪ್ಪಂದು ಅಂಟೋದು ಆಗಿರ್ಲಿಲ್ಲ. ನಾನು ಸುಮ್ಸುಮ್ನೆ ನಿನ್ನ ತಡೆದೆ."

ಮೇಘನ ಕಡ್ಡಿ ಮುರಿದು ಒಂದು ಕಡೆ ಹಾಕಿದಳು, ಎಲೆ ಒಂದು ಕಡೆ.

"ನಂಗೆ ಕಾಗದ ಬೇಡಮ್ಮ. ನಾನು ಹೋಗ್ತಿದ್ದೆ."

"ಎಲ್ಲಿಗೆ?"

"ಅಪ್ಪನ ಹತ್ರ. ನೀನು ಕ್ರಷರಿಗೆ ಹೋದ್ಮೇಲೆ. ಸ್ಕೂಲಲ್ಲಿ ಊಟದ ಬೆಲ್ ಹೊಡೆದಾಗ ಹಿಂದಿನ ಕಾಂಪೌಂಡು ಹಾರಿ ಬರ್ತಿದ್ದೆ. ಅಪ್ಪ ಬೈತಿದ್ದ ಮೊದ್ಲು. ದೂರ ಹೋಗು ಅಂತಿದ್ದ. ಆಮೇಲೆ ಬೈಯೋದು ಬಿಟ್ಟ. ಅವನ ಪಕ್ಕದಲ್ಲೇ ಮಲಗ್ತಿದ್ದೆ. ಅವನ ತಟ್ಟೇಲೇ ಉಣ್ತಿದ್ದೆ. ಅಮ್ಮಂಗೆ ಹೇಳ್ಬೇಡ, ಹೆದರ್ಕೋತಾಳೆ ಅಂತಿದ್ದ."

ಮುತ್ಯಾಲಮ್ಮನ ಕೈಯಲ್ಲಿ ಸೊಪ್ಪು ಹಾಗೇ ಇತ್ತು.

"ನಂಗ್ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?"

"ನೀನು ಡಾಕ್ಟ್ರ ಮಾತು ಕೇಳ್ತಿದ್ದೆಯಲ್ಲ."

ಬೀದಿಯಲ್ಲಿ ಒಂದು ಟ್ರಾಕ್ಟರು ಜಲ್ಲಿ ತುಂಬಿಕೊಂಡು ಹೋಯಿತು. ಅದು ಹೋಗಿ ಸದ್ದು ಅಡಗುವವರೆಗೂ ಮುತ್ಯಾಲಮ್ಮ ಕಾದಳು.

"ಅವನು ಹೋದ ದಿನ? ಅವತ್ತೂ ಬಂದಿದ್ಯಾ?"

ಮೇಘನ ತಲೆಯೆತ್ತಲಿಲ್ಲ. "ಇದ್ದೆ" ಅಂದಳು.

ಮುತ್ಯಾಲಮ್ಮ ಸೊಪ್ಪನ್ನು ಮೊರದಲ್ಲಿ ಹಾಕಿದಳು. ಮೊರವನ್ನು ಪಕ್ಕಕ್ಕೆ ಸರಿಸಿದಳು. ಮಗಳ ಹತ್ತಿರಕ್ಕೆ ಜರುಗಿ ಕೂತಳು.

"ಹೇಳು" ಅಂದಳು.